ಐಹೊಳೆಯ ಐನೂರ್ವರು ಮತ್ತು ನಗರಾಡಳಿತದಲ್ಲಿ ತರುಣರ ಸ್ಥಾನ

1

ಕರ್ನಾಟಕದ ಸ್ಥಳೀಯ ಸ್ವರಾಜ್ಯದ ಇತಿಹಾಸವನ್ನು ಬರೆಯಹೊರಟ ವಿದ್ವಾಂಸರು ಐಹೊಳೆಯ ಹೆಸರನ್ನು ಎತ್ತದೆ ಮುಂದೆ ಸಾಗುವುದು ವಿರಳ. ಮಲಪ್ರಭೆಯ ದಡದಲ್ಲಿರುವ ಈ ಊರು ವಾಸ್ತುಶಿಲ್ಪದ ಅಭ್ಯಾಸಿಗಳಿಗೆ ಗುಡಿಗಳ ಊರು. ರಾಜಕೀಯ ಇತಿಹಾಸದ ಅಭ್ಯಾಸಿಗಳಿಗೆ ಮೇಗುತಿಯ ಗುಡಿಯ ಮೇಲೆ ಕ್ರಿ.ಶ. 634-35ರಲ್ಲಿ ರವಿಕೀರ್ತಿಯು ಕೆತ್ತಿಸಿದ ಎರಡನೆಯ ಪುಲಿಕೇಶಿಯ ಪ್ರಶಸ್ತಿಯ ಊರು. ಸಂಸ್ಥೆಗಳ ಇತಿಹಾಸವನ್ನು ಅರಸುವವರಿಗಾದರೋ ಅದು ಮೊದಲಾಗಿ ಐನೂರ್ವರ ಊರು.

ಇತ್ತೀಚಿನ ದಿನಗಳಲ್ಲಿ ನಮ್ಮ ಕಾಲೇಜುಗಳ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: ತರುಣರಿಗೆ ತಮ್ಮ ಊರಿನ ಆಡಳಿತದಲ್ಲಿ ಆಸ್ಥೆಯಿಲ್ಲ, ನೀರು, ಚರಂಡಿ, ಬೀದಿದೀಪಗಳ ವಿಚಾರವು ಅವರನ್ನು ಮುಟ್ಟುವುದಿಲ್ಲ. ಈ ದೂರಿನ ಬೆನ್ನಿಗೇ ಪ್ರಾಚೀನ ಕಾಲದ ನಿದರ್ಶನವೂ ಬರುತ್ತದೆ. ಹಿಂದೆ ನಮ್ಮ ಊರುಗಳಲ್ಲಿ ಮಹಾಜನರು, ನಗರದವರು, ಐನೂರ್ವರು ತಮ್ಮ ಆಡಳಿತವನ್ನು ತಾವೇ ನಡೆಸುತ್ತಿದ್ದರು, ಇಂದಿನ ತರುಣರು ಅದನ್ನು ನೋಡಿ ಕಲಿಯಬೇಕು ಎಂಬ ಉಪದೇಶವು ಅದು. ಆದರೆ ಆ ಹಿಂದಿನ ವ್ಯವಸ್ಥೆಯಲ್ಲಿ ತರುಣನು ಎಲ್ಲಿದ್ದನು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಪ್ರಸ್ತುತ ಲೇಖನದಲ್ಲಿ ನಾವು ಶಾಸನಗಳ ಆಧಾರದಿಂದ ಆ ಪ್ರಶ್ನೆಯನ್ನು ಪರಿಶೀಲಿಸಿ, ಅದರ ಬೆಳಕಿನಲ್ಲಿ ಇಂದಿನ ನಗರಾಡಳಿತದ ಒಂದು ಕೊರತೆಯನ್ನು ಗುರುತಿಸಲು ಯತ್ನಿಸಿದ್ದೇವೆ.

2

ಐಹೊಳೆಯು ಶಾಸನಗಳಲ್ಲಿ ಅಯ್ಯಾವೊಳೆ, ಆರ್ಯಪುರ ಎಂಬ ಹೆಸರುಗಳಿಂದ ಕಾಣಿಸಿಕೊಳ್ಳುತ್ತದೆ. ಲಾಡಖಾನ ಗುಡಿಯಲ್ಲಿರುವ ಎಂಟನೆಯ ಶತಮಾನದ ಕನ್ನಡ ಶಾಸನವು ಇಲ್ಲಿಯ ಐನೂರ್ವರು ಮಹಾಜನರನ್ನು ಹೆಸರಿಸುತ್ತದೆ. ಇವರು ಚತುರ್ವೇದ ಪಾರಂಗತರಾದ ಬ್ರಾಹ್ಮಣರ ಸಮುದಾಯ. ಮುಂದೆ ಇದೇ ಊರಿನ ಹೆಸರನ್ನು ಹೊತ್ತು, ಇದೇ ಐನೂರು ಎಂಬ ಸಂಖ್ಯೆಯನ್ನು ಬಿರುದಾಗಿ ಧರಿಸಿ, ವರ್ತಕರ ಮಹಾಸಂಘವೊಂದು ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ವೀರಬಣಂಜು ಧರ್ಮದ ಪರಿಪಾಲಕರೆಂದು ಹೇಳಿಕೊಳ್ಳುವ ಅಯ್ಯಾವೊಳೆ ಐನೂರ್ವರ ಹೆಸರು ತಮಿಳು, ತೆಲುಗು ನಾಡುಗಳ ಶಾಸನಗಳಲ್ಲಿ ಮಾತ್ರವಲ್ಲ, ಸುಮಾತ್ರಾ ದ್ವೀಪದ ಬಾರುಸ್ ಬಳಿಯ 1088ರ ತಮಿಳು ಶಾಸನದಲ್ಲಿಯೂ ಸಿಕ್ಕಿದೆ. ಮಹಾಜನರ ಐನೂರಕ್ಕೂ ವರ್ತಕರ ಐನೂರಕ್ಕೂ ಇದ್ದ ಸಂಬಂಧವನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ನಮ್ಮ ಪ್ರಶ್ನೆಗೆ ಮುಖ್ಯವಾದುದಿಷ್ಟೆ: ಇವೆರಡೂ ಅರಸನ ನೇಮಕದಿಂದ ಹುಟ್ಟಿದ ಕಚೇರಿಗಳಲ್ಲ; ತಮ್ಮ ಕಟ್ಟಳೆಗಳನ್ನು ತಾವೇ ನಡೆಸಿಕೊಂಡು ಬಂದ ಸಮುದಾಯಗಳು.

ಇಲ್ಲಿ ಒಂದು ಶಬ್ದವನ್ನು ಗಮನಿಸಬೇಕು. ಶಾಸನಗಳ ಭಾಷೆಯಲ್ಲಿ ‘ನಗರ’ ಅಥವಾ ‘ನಕರ’ ಎಂಬುದು ಮನೆ, ಬೀದಿ, ಕೋಟೆಗಳ ಸಮೂಹಕ್ಕಷ್ಟೇ ಹೆಸರಲ್ಲ. ಊರಿನ ವರ್ತಕರ ಸಭೆಗೂ ಅದೇ ಹೆಸರು. ‘ನಗರವು ದಾನ ಕೊಟ್ಟಿತು’ ಎಂದರೆ ಆ ಜನರ ಕೂಟವು ಕೊಟ್ಟಿತೆಂದು ಅರ್ಥ. ಆ ಕೂಟದ ಮುಖಂಡನು ಪಟ್ಟಣಸ್ವಾಮಿ. ಹೊಂಬುಚದಲ್ಲಿ 1062ರ ಸುಮಾರಿಗೆ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯು ಬಸದಿಯನ್ನು ಕಟ್ಟಿಸಿದನು. ಅದು ಇಂದಿಗೂ ಪಟ್ಟಣಸ್ವಾಮಿ ಜಿನಾಲಯವೆಂದೇ ಪ್ರಸಿದ್ಧವಾಗಿದೆ. ಊರೆಂದರೆ ಊರಿನವರ ಕೂಟವೆಂಬ ಈ ಭಾವನೆಯು ಐಹೊಳೆಯ ಪರಂಪರೆಯಿಂದ ನಮಗೆ ಬಂದ ಮೊದಲನೆಯ ಸಂಗತಿ.

3

ಐಹೊಳೆಯ ಶಾಸನಗಳು ಸಂಸ್ಥೆಯ ಹೆಸರನ್ನು ತಿಳಿಸುತ್ತವೆಯೇ ಹೊರತು ಅದು ಕೆಲಸ ಮಾಡಿದ ಬಗೆಯನ್ನು ವಿವರವಾಗಿ ಹೇಳುವುದಿಲ್ಲ. ಅದಕ್ಕಾಗಿ ನಾವು ಅದೇ ಬಾದಾಮಿ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಪುಲಿಗೆರೆಗೆ, ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಚಕ್ರವರ್ತಿ ವಿಜಯಾದಿತ್ಯನ ಕಾಲದಲ್ಲಿ, ಸುಮಾರು 725ರಲ್ಲಿ, ಯುವರಾಜ ವಿಕ್ರಮಾದಿತ್ಯನು ಆ ಪಟ್ಟಣದ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ದಯಪಾಲಿಸಿದನು. ನಮ್ಮ ನಾಡಿನ ಪೌರಾಡಳಿತಕ್ಕೆ ಸಂಬಂಧಿಸಿದ ಶಾಸನಗಳಲ್ಲಿ ಇದರಷ್ಟು ಬೆಲೆಯುಳ್ಳದ್ದು ಇನ್ನೊಂದಿಲ್ಲವೆಂದರೆ ತಪ್ಪಾಗಲಾರದು.

ಈ ವ್ಯವಸ್ಥೆಗೆ ಎರಡು ಭಾಗಗಳುಂಟು. ಮೊದಲನೆಯದು ಅರಸನ ಅಧಿಕಾರಿಗಳು ಊರಿನವರಿಗೆ ಸಲ್ಲಿಸಬೇಕಾದ ಕರ್ತವ್ಯ. ಒಡೆಯರಿಲ್ಲದ ಮನೆಗಳು, ಅರಸನು ಕೊಟ್ಟ ದಾನಗಳು, ತಾಮ್ರಶಾಸನಗಳು, ಹಿಂದಿನಿಂದ ನಡೆದುಬಂದ ಭೋಗಗಳು, ಊರಿನ ಕಟ್ಟಳೆಗಳು ಇವುಗಳನ್ನು ರಾಜಪುರುಷರು ಕಾಪಾಡತಕ್ಕದ್ದು. ಎರಡನೆಯದು ಊರಿನವರು ಸಲ್ಲಿಸಬೇಕಾದ ತೆರಿಗೆ. ಪ್ರತಿಯೊಂದು ಒಕ್ಕಲೂ ವರ್ಷಕ್ಕೊಮ್ಮೆ, ವೈಶಾಖ ಮಾಸದಲ್ಲಿ, ದೇಶಾಧಿಪತಿಗಳಿಗೆ ತೆರಬೇಕು. ಆದರೆ ಎಲ್ಲರಿಗೂ ಒಂದೇ ದರವಲ್ಲ. ಶಕ್ತಿಯನ್ನು ಅನುಸರಿಸಿ ಉತ್ತಮ ಒಕ್ಕಲಿಗೆ 10 ಪಣ, ಅದಕ್ಕೆ ಕಿರಿಯವಕ್ಕೆ ಕ್ರಮವಾಗಿ 7, 5 ಮತ್ತು 3 ಪಣ. ಕಳವು ಮುಂತಾದ ಅಪರಾಧಗಳ ದಂಡ, ಮಕ್ಕಳಿಲ್ಲದೆ ತೀರಿಕೊಂಡವರ ಸ್ವತ್ತು ಮೊದಲಾದವುಗಳ ಆದಾಯವು ಕಾರ್ತಿಕ ಮಾಸದಲ್ಲಿ ಊರಿನ ಶ್ರೇಣಿಗೆ ಸಲ್ಲಬೇಕು.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಆಳುವವರ ಕರ್ತವ್ಯವೂ ಆಳಿಸಿಕೊಳ್ಳುವವರ ಕರ್ತವ್ಯವೂ ಒಂದೇ ಕಲ್ಲಿನ ಮೇಲೆ ಬರೆಯಲ್ಪಟ್ಟವು. ತೆರಿಗೆಯನ್ನು ಯಾವಾಗ, ಯಾರಿಗೆ, ಎಷ್ಟು ಕೊಡಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ಆದಾಯದ ಒಂದು ಪಾಲು ಊರಿನ ಸಂಸ್ಥೆಯಲ್ಲಿಯೇ ಉಳಿಯುತ್ತಿತ್ತು. ಇಂದಿನ ನಗರಸಭೆಗಳ ಮುಖ್ಯ ತೊಡಕುಗಳು ಯಾವುವೆಂದು ಕೇಳಿದರೆ, ಸ್ವಂತ ಆದಾಯದ ಕೊರತೆ, ಮೇಲಿನ ಸರಕಾರದ ಅನುದಾನದ ಮೇಲಣ ಅವಲಂಬನ, ಯಾವ ಕೆಲಸಕ್ಕೆ ಯಾರು ಹೊಣೆಯೆಂಬುದರ ಅಸ್ಪಷ್ಟತೆ ಎಂದು ಹೇಳಬೇಕಾಗುತ್ತದೆ. ಹನ್ನೆರಡು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪುಲಿಗೆರೆಯ ವ್ಯವಸ್ಥೆಯು ಎತ್ತಿಕೊಂಡ ಪ್ರಶ್ನೆಗಳೂ ಇವೇ ಆಗಿದ್ದವು.

4

ಹೀಗಿದ್ದರೂ ಈ ಶಾಸನದಲ್ಲಿ ವ್ಯಕ್ತಿಯು ಕಾಣಿಸುವುದಿಲ್ಲವೆಂಬುದನ್ನು ಮರೆಯಲಾಗದು. ಲೆಕ್ಕದ ಘಟಕವು ಒಕ್ಕಲು. ತೆರುವುದು ಒಕ್ಕಲು, ಅದರ ಮೂಲಕವೇ ಊರಿನೊಳಗಿನ ಸ್ಥಾನ. ಮನೆಯ ಹಿರಿಯನು ಬದುಕಿರುವ ತನಕ ಮಗನು ಊರಿನ ಕಣ್ಣಿಗೆ ಆ ಮನೆಯ ಒಂದು ಭಾಗವಾಗಿದ್ದನೆಂದು ನಾವು ಊಹಿಸಬೇಕಾಗುತ್ತದೆ. ಹೆಂಗಸರ, ಭೂಮಿಯಿಲ್ಲದ ದುಡಿಮೆಗಾರರ ಮಾತಂತೂ ಇನ್ನೂ ದೂರ ಉಳಿಯಿತು.

ಹಾಗಾದರೆ ತರುಣರು ಶಾಸನಗಳಲ್ಲಿ ಎಲ್ಲಿ ಕಾಣಿಸುತ್ತಾರೆ? ಮೊದಲಾಗಿ, ವಿದ್ಯಾರ್ಥಿಗಳಾಗಿ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನವು ಅವನ ಮಂತ್ರಿ ನಾರಾಯಣನು ಸ್ಥಾಪಿಸಿದ ವಿದ್ಯಾಶಾಲೆಯನ್ನೂ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಮೀಸಲಾದ 27 ವಸತಿಗಳನ್ನೂ ಹೇಳುತ್ತದೆ. ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಊರವರು ಆ ಶಾಲೆಗೆ ಕಾಣಿಕೆ ಸಲ್ಲಿಸುವ ಕಟ್ಟಳೆಯೂ ಇತ್ತು. ಕಲಬುರ್ಗಿ ಜಿಲ್ಲೆಯ ನಾಗಾವಿಯ 1058ರ ಶಾಸನದಲ್ಲಿ ವೇದವನ್ನು ಓದುವ 200 ಮತ್ತು ಶಾಸ್ತ್ರಗಳನ್ನು ಓದುವ 52 ವಿದ್ಯಾರ್ಥಿಗಳ ಘಟಿಕಾಸ್ಥಾನವೂ ಅದರ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೂ ಉಲ್ಲೇಖಗೊಂಡಿದ್ದಾರೆ. ತರುಣರ ಊಟ, ವಸತಿ, ಓದುಗಳ ಹೊಣೆಯನ್ನು ಸಮಾಜವು ಹೊತ್ತಿತ್ತೆಂಬುದಕ್ಕೆ ಇವು ಸಾಕ್ಷಿ. ಆದರೆ ಈ ವಿದ್ಯೆಯೂ ಕೆಲವು ವರ್ಣಗಳಿಗೆ ಸೀಮಿತವಾದುದೆಂಬುದು ನಿರ್ವಿವಾದ.

ಎರಡನೆಯದಾಗಿ, ಕಾವಲುಗಾರರಾಗಿ. ತುರುಗೊಳ್ ಕಾಳಗದಲ್ಲಿ, ಊರಳಿವಿನ ಹೊತ್ತಿನಲ್ಲಿ ಹೋರಾಡಿ ಮಡಿದವರ ವೀರಗಲ್ಲುಗಳು ಉತ್ತರ ದಕ್ಷಿಣವೆನ್ನದೆ ಕರ್ನಾಟಕದ ಊರೂರುಗಳಲ್ಲಿ ನಿಂತಿವೆ. ಹೀಗೆ ಕಾದಾಡಿದವರು ಬಹುಮಟ್ಟಿಗೆ ಪ್ರಾಯದವರೇ ಆಗಿರಬೇಕು. ಊರಿಗಾಗಿ ಪ್ರಾಣ ಕೊಡುವ ಅಧಿಕಾರವು ತರುಣನಿಗೆ ಬೇಗನೆ ದೊರೆಯಿತು. ಊರಿನ ಲೆಕ್ಕವನ್ನು ಕೇಳುವ ಅಧಿಕಾರವು ತಡವಾಗಿ ದೊರೆಯಿತು.

ಸಭೆಯೊಳಗಿನ ತರುಣನ ಸ್ಥಾನವನ್ನು ವಯಸ್ಸಿನ ಅಂಕಿಗಳೊಡನೆ ತಿಳಿಸುವ ಅತ್ಯಂತ ಪ್ರಸಿದ್ಧ ಆಧಾರವು ನೆರೆಯ ತಮಿಳುನಾಡಿನದು. ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನಲ್ಲಿ ಚೋಳ ಮೊದಲನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ. ಅದು ಬೇರೆ ಅರಸು ಮನೆತನದ ನಾಡು, ಬ್ರಾಹ್ಮಣರ ಅಗ್ರಹಾರ. ಆದ್ದರಿಂದ ಅಲ್ಲಿಯದನ್ನೆಲ್ಲ ಐಹೊಳೆಗೆ ಆರೋಪಿಸುವುದು ಸಲ್ಲದು. ಆದರೂ ಹೋಲಿಕೆಗೆ ಅದು ಉಪಯುಕ್ತ. 919ರ ಮೊದಲನೆಯ ಶಾಸನವು ಸಮಿತಿಗಳ ಸದಸ್ಯನಾಗುವವನು 30 ವರ್ಷ ಮೀರಿದವನೂ 60ರೊಳಗಿನವನೂ ಆಗಿರಬೇಕೆಂದು ವಿಧಿಸಿತು. ಎರಡೇ ವರ್ಷಗಳಲ್ಲಿ, 921ರಲ್ಲಿ, ಈ ನಿಯಮವು ತಿದ್ದುಪಡಿಯಾಗಿ 35ರಿಂದ 70ಕ್ಕೆ ಏರಿತು. ತೆರಿಗೆ ಸಲ್ಲುವ ಭೂಮಿ, ಸ್ವಂತ ಮನೆ, ವೇದಜ್ಞಾನ ಇವೂ ಅರ್ಹತೆಗಳು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ಬಂಧುಗಳಿಗೂ ಪ್ರವೇಶವಿಲ್ಲ. ತೋಟದ ಸಮಿತಿ, ಕೆರೆಯ ಸಮಿತಿಗಳಲ್ಲಿ ಮೊದಲು ದುಡಿದವರೂ ವಯೋವಿದ್ಯಾವೃದ್ಧರೂ ಮಾತ್ರ ಸಂವತ್ಸರ ಸಮಿತಿಗೆ ಏರಬಹುದಾಗಿತ್ತು.

ಅರ್ಹರಾದವರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕುತ್ತಿದ್ದರು. ಅವನ್ನು ಎತ್ತುವ ದಿನ ಆಬಾಲವೃದ್ಧರಾಗಿ ಮಹಾಸಭೆಯೇ ಸೇರಬೇಕೆಂದು ಶಾಸನವು ವಿಧಿಸುತ್ತದೆ. ಎಲ್ಲರ ಮುಂದೆ, ಒಳಗೇನಿದೆಯೆಂದು ಅರಿಯದ ಒಬ್ಬ ಬಾಲಕನು ಓಲೆಯನ್ನು ಎತ್ತಬೇಕು. ಇಡೀ ವ್ಯವಸ್ಥೆಯ ನ್ಯಾಯನಿಷ್ಠೆಗೆ ಆ ಬಾಲಕನ ಕೈಯೇ ಜಾಮೀನು. ಆದರೆ ಅವನ ಹೆಸರು ಆ ಕೊಡದೊಳಗೆ ಬರಬೇಕಾದರೆ ಅವನು ಇನ್ನೂ ಎರಡು ಮೂರು ದಶಕ ಕಾಯಬೇಕಾಗಿತ್ತು.

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ತರುಣನಿಗೆ ಮತವಿರಲಿಲ್ಲ, ಸ್ಥಾನವಿರಲಿಲ್ಲ. ಇದು ನಿಜ. ಆದರೆ ಅವನು ಸಭೆಯಲ್ಲಿದ್ದನು. ಯಾರ ಹೆಸರು ಏಕೆ ಬಿಟ್ಟುಹೋಯಿತು, ಯಾರು ಲೆಕ್ಕ ಒಪ್ಪಿಸಲಿಲ್ಲ, ಕೆರೆಯ ಹೊಣೆ ಈ ವರ್ಷ ಯಾರ ಮೇಲೆ ಬಿತ್ತು ಎಂಬುದನ್ನು ಅವನು ಕಣ್ಣಾರೆ ಕಾಣಬಹುದಾಗಿತ್ತು. 1919ರಲ್ಲಿ ರಾಧಾಕುಮುದ ಮುಖರ್ಜಿಯವರು, 1924ರಲ್ಲಿ ಕಾಶೀಪ್ರಸಾದ ಜಯಸ್ವಾಲರು ಪ್ರಕಟಿಸಿದ ಗ್ರಂಥಗಳು ಪ್ರಾಚೀನ ಭಾರತದ ಇಂಥ ಸಂಸ್ಥೆಗಳ ಹಿರಿಮೆಯನ್ನು ಎತ್ತಿ ತೋರಿದವು. ಪರಕೀಯ ಆಳ್ವಿಕೆಯ ಕಾಲದಲ್ಲಿ ಅದು ಅಗತ್ಯವೂ ಆಗಿತ್ತು. ಕರ್ನಾಟಕದ ಮಟ್ಟಿಗೆ 1964ರಲ್ಲಿ ಧಾರವಾಡದಿಂದ ಪ್ರಕಟವಾದ ಜಿ. ಎಸ್. ದೀಕ್ಷಿತರ ಗ್ರಂಥವು ಈ ವಿಷಯಕ್ಕೆ ಭದ್ರವಾದ ತಳಹದಿ ಹಾಕಿತು. ಈ ಸಂಸ್ಥೆಗಳನ್ನು ಇಂದಿನ ಅರ್ಥದಲ್ಲಿ ಪ್ರಜಾಪ್ರಭುತ್ವವೆಂದು ಕರೆಯಲು ನಾವು ಸಿದ್ಧರಿಲ್ಲ. ಆದರೆ ಅವು ಊರಿನ ಆಡಳಿತವನ್ನು ಊರಿನ ಕಣ್ಣೆದುರಿಗೆ ನಡೆಸುವ ಶಾಲೆಗಳಾಗಿದ್ದವೆಂದು ಹೇಳಬಹುದು.

5

ಆಡಳಿತವೇ ಶಾಲೆಯೆಂಬ ಈ ಭಾವನೆಯು ಆಧುನಿಕ ಕಾಲದಲ್ಲಿ ಇನ್ನೊಂದು ದಾರಿಯಿಂದ ಮರಳಿ ಬಂದಿತು. ಐಹೊಳೆ, ಬಾದಾಮಿ, ಬಾಗಲಕೋಟೆಗಳ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ, 1850ರ ಕಾಯಿದೆಯ ಆಶ್ರಯದಲ್ಲಿ ಆ ಪ್ರಾಂತದ ಪಟ್ಟಣಗಳಲ್ಲಿ ಪುರಸಭೆಗಳು ಹುಟ್ಟತೊಡಗಿದವು. ಅವುಗಳಲ್ಲಿ ಬಹುಕಾಲ ಅಧಿಕಾರಿಗಳದೇ ಕೈಮೇಲಾಗಿತ್ತು. 1882ರ ಮೇ 18ರಂದು ಲಾರ್ಡ್ ರಿಪನ್ನನ ಸರಕಾರವು ಹೊರಡಿಸಿದ ಠರಾವು ಸ್ಥಳೀಯ ಸ್ವಯಮಾಡಳಿತವನ್ನು ಮುಖ್ಯವಾಗಿ ಆಡಳಿತ ಸುಧಾರಣೆಯ ಸಾಧನವೆಂದಲ್ಲ, ಜನತೆಯ ರಾಜಕೀಯ ಶಿಕ್ಷಣದ ಸಾಧನವೆಂದು ಎತ್ತಿಹಿಡಿಯಿತು. ಕೆಲಸವು ಆರಂಭದಲ್ಲಿ ಅಷ್ಟು ಚೆನ್ನಾಗಿ ನಡೆಯದಿದ್ದರೂ ಚಿಂತೆಯಿಲ್ಲ, ಜನರು ಮಾಡುತ್ತ ಕಲಿಯುತ್ತಾರೆ ಎಂಬುದು ಅದರ ಹಿಂದಿನ ವಿಚಾರ. ಮತದಾನದ ಹಕ್ಕು ಆಸ್ತಿ ಮತ್ತು ತೆರಿಗೆಗಳಿಗೆ ಅಂಟಿಕೊಂಡಿದ್ದರಿಂದ ಈ ಶಾಲೆಯ ಬಾಗಿಲೂ ಕಿರಿದಾಗಿಯೇ ಉಳಿಯಿತು. ಪುಲಿಗೆರೆಯ ಒಕ್ಕಲು ಇಲ್ಲಿ ತೆರಿಗೆದಾರನೆಂಬ ಹೆಸರಿನಿಂದ ಮುಂದುವರಿಯಿತೆನ್ನಬಹುದು.

ಆ ಬಾಗಿಲನ್ನು ತೆರೆದುದು ಸ್ವತಂತ್ರ ಭಾರತದ ಸಂವಿಧಾನ. ಆಸ್ತಿಯ ನಿರ್ಬಂಧವು ಹೋಯಿತು. ಲಿಂಗ, ಜಾತಿಗಳ ಅಡ್ಡಿಯು ಹೋಯಿತು. 1988ರ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. 1992ರಲ್ಲಿ ಅಂಗೀಕೃತವಾಗಿ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಲೋಕಸಭೆಗೂ ವಿಧಾನಸಭೆಗೂ ನಿಲ್ಲಲು 25 ವರ್ಷ ತುಂಬಿರಬೇಕು. ಆದರೆ ಪಂಚಾಯತಿ ಮತ್ತು ಪೌರಸಂಸ್ಥೆಗಳಿಗೆ 21 ತುಂಬಿದವನನ್ನು ವಯಸ್ಸಿನ ಕಾರಣದಿಂದ ತಡೆಯುವಂತಿಲ್ಲ. ಉತ್ತರಮೇರೂರಿನ 35ಕ್ಕೂ ನಮ್ಮ 21ಕ್ಕೂ ನಡುವಿನ ಅಂತರವು ಬರಿಯ ಹದಿನಾಲ್ಕು ವರ್ಷಗಳದಲ್ಲ; ಊರಿನ ಆಡಳಿತವೇ ತರುಣರ ಮೊದಲ ಕಾರ್ಯಕ್ಷೇತ್ರವಾಗಬೇಕೆಂಬ ಸಂಕಲ್ಪವು ಅದರಲ್ಲಿ ಅಡಗಿದೆ.

6

ಸಂಕಲ್ಪವು ಹೀಗಿರಲಾಗಿ, ತರುಣರ ಉದಾಸೀನತೆಯ ದೂರು ಏಕೆ ನಿಲ್ಲಲಿಲ್ಲ? ಕಾರಣವನ್ನು ತರುಣರ ಮನೋವೃತ್ತಿಯಲ್ಲಿ ಹುಡುಕುವುದಕ್ಕಿಂತ ಸಂಸ್ಥೆಗಳ ರಚನೆಯಲ್ಲಿ ಹುಡುಕುವುದು ಹೆಚ್ಚು ಫಲಕಾರಿಯೆಂದು ನಮಗೆ ತೋರುತ್ತದೆ.

ಐಹೊಳೆಯು ಇಂದು ಹುನಗುಂದ ತಾಲೂಕಿನ ಒಂದು ಹಳ್ಳಿ. ಹಳ್ಳಿಯಾದುದರಿಂದ ಅಲ್ಲಿ ಗ್ರಾಮಸಭೆಯುಂಟು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಹದಿನೆಂಟು ವರ್ಷದ ಹುಡುಗಿಯೂ ಆ ಸಭೆಯ ಸದಸ್ಯಳು. ಯಾರೂ ಅವಳನ್ನು ಆರಿಸಬೇಕಾಗಿಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮವು ಆ ಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ವಿಧಿಸುತ್ತದೆ. ಅದಕ್ಕೂ ಕಿರಿಯರಿಗಾಗಿ ಮಕ್ಕಳ ಗ್ರಾಮಸಭೆಗಳನ್ನು ನಡೆಸುವ ಪದ್ಧತಿಯೂ ನಮ್ಮ ರಾಜ್ಯದಲ್ಲಿ ಬೆಳೆದಿದೆ. ಆದರೆ ಅದೇ ಹುಡುಗಿಯು ಓದಿಗಾಗಿ ಇಳಕಲ್ಲಿಗೋ ಬಾದಾಮಿಗೋ ಬಾಗಲಕೋಟೆಗೋ ಹೋಗಿ ನೆಲೆಸಿದಳೆನ್ನೋಣ. ಸಂವಿಧಾನವು ವಾರ್ಡು ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಬಾಗಲಕೋಟೆಯ ಜನಸಂಖ್ಯೆಯು ಒಂದು ಲಕ್ಷವನ್ನು ತುಸು ಮೀರಿತ್ತು. ಇಳಕಲ್ಲಿನದು ಸುಮಾರು 60 ಸಾವಿರ, ಬಾದಾಮಿಯದು ಸುಮಾರು 31 ಸಾವಿರ. ಗ್ರಾಮಸಭೆಯಂತೆ ಪ್ರತಿಯೊಬ್ಬ ಮತದಾರನೂ ಹುಟ್ಟು ಸದಸ್ಯನಾಗಿರುವ ಕೂಟವನ್ನು ಸಂವಿಧಾನವು ಪಟ್ಟಣಗಳಿಗೆ ಕೊಟ್ಟಿಲ್ಲ. ಹಳ್ಳಿಯಿಂದ ಪಟ್ಟಣಕ್ಕೆ ಬಂದ ತರುಣಿಯು ಕಾಲೇಜನ್ನೂ ಗ್ರಂಥಾಲಯವನ್ನೂ ಪಡೆದಳು, ಸಭೆಯನ್ನು ಕಳೆದುಕೊಂಡಳು. ‘ನಗರ’ವೆಂಬ ಶಬ್ದವೇ ಸಭೆಯ ಹೆಸರಾಗಿದ್ದ ನಾಡಿನಲ್ಲಿ ಇದು ವಿಚಿತ್ರ ಪರಿಸ್ಥಿತಿ.

ಸಭೆಯಿದ್ದಲ್ಲಿಯೂ ಸಮಸ್ಯೆಗಳು ಹಗುರವಲ್ಲ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿದ್ದು, ಅವುಗಳ ನಡುವೆಯೇ ಜನರ ಮನೆಗಳಿವೆ. ಲಾಡಖಾನನೆಂಬವನು ವಾಸವಾಗಿದ್ದುದರಿಂದ ಒಂದು ಗುಡಿಗೆ ಅವನ ಹೆಸರೇ ನಿಂತಿತು. ಗೌಡರ ಗುಡಿ, ಅಂಬಿಗೇರ ಗುಡಿಗಳ ಹೆಸರುಗಳೂ ಗುಡಿಗೂ ಮನೆಗೂ ಇದ್ದ ಇಂಥ ನೆರೆಹೊರೆಯನ್ನೇ ನೆನಪಿಸುತ್ತವೆ. ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟದಂತೆ ನಿರ್ಬಂಧಿಸಿತು. 2015ರಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳು ಒಟ್ಟಾಗಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಹಲವು ದಶಕಗಳಿಂದ ನಡೆದಿದೆ. ಗುಡಿಗಳೂ ಉಳಿಯಬೇಕು, ಜನರೂ ಬಾಳಬೇಕು. ಈ ಜಟಿಲ ಪ್ರಶ್ನೆಯ ಪರಿಣಾಮವನ್ನು ಹೆಚ್ಚು ಕಾಲ ಅನುಭವಿಸುವವರು ಇಂದಿನ ಕಿರಿಯರೇ. ಆದ್ದರಿಂದ ಅವರ ಮಾತನ್ನು ಕೇಳುವುದು ಔದಾರ್ಯದ ಸಂಗತಿಯಲ್ಲ, ನ್ಯಾಯದ ಸಂಗತಿ.

ಬಾಗಲಕೋಟೆಯ ಅನುಭವವೂ ಗಮನಾರ್ಹ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಪಟ್ಟಣದ ತಗ್ಗಿನ ಭಾಗಗಳು ಮುಳುಗಡೆಯಾಗಿ, ಅಲ್ಲಿಯ ಕುಟುಂಬಗಳಿಗಾಗಿ ನವನಗರವು ನಿರ್ಮಾಣವಾಯಿತು. ಅದನ್ನು ಯೋಜಿಸಿ ಕಟ್ಟಿದುದು ಇದಕ್ಕಾಗಿಯೇ ರಚಿತವಾದ ಪಟ್ಟಣಾಭಿವೃದ್ಧಿ ಪ್ರಾಧಿಕಾರ. ಅಷ್ಟು ದೊಡ್ಡ ಕೆಲಸಕ್ಕೆ ಇಂಥ ಸಂಸ್ಥೆಯು ಬೇಕಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪ್ರಾಧಿಕಾರವು ಕಟ್ಟಿದ ಬಡಾವಣೆಗಳಲ್ಲಿ ಬೆಳೆದ ಪೀಳಿಗೆಗೆ ಊರೆಂಬುದು ತಮ್ಮ ಹಿರಿಯರು ಕೂಡಿ ನಿರ್ಣಯಿಸಿದ ವಸ್ತುವಾಗಿ ಕಾಣುವುದು ಸುಲಭವಲ್ಲ.

ರಾಜಧಾನಿಯ ಉದಾಹರಣೆಯು ಇನ್ನೂ ಸ್ಪಷ್ಟವಾಗಿದೆ. 2015ರಲ್ಲಿ ಚುನಾಯಿತರಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನವು ಹೇಳುತ್ತಿದ್ದರೂ, ಮುಂದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ಆ ವರ್ಷ ಹದಿನೆಂಟು ತುಂಬಿದ ಬೆಂಗಳೂರಿನ ವಿದ್ಯಾರ್ಥಿಯು ತನ್ನ ಪದವಿಯನ್ನು ಮುಗಿಸಿ ಹೊರಬಿದ್ದನು. ನಗರದ ಸಭೆಗೆ ಒಂದು ಮತವನ್ನೂ ಹಾಕಲಿಲ್ಲ. ಶಾಲೆಯು ಮುಚ್ಚಿರುವಾಗ ವಿದ್ಯಾರ್ಥಿಯು ಗೈರುಹಾಜರೆಂದು ದೂರುವುದು ಉಚಿತವಲ್ಲ.

7

ಮೇಲಿನ ಪರಿಶೀಲನೆಯಿಂದ ನಾವು ಬಂದು ಮುಟ್ಟುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಪ್ರಾಚೀನ ವ್ಯವಸ್ಥೆಯಲ್ಲಿ ಸಭೆಯಿತ್ತು, ಬರೆದಿಟ್ಟ ಕಟ್ಟಳೆಯಿತ್ತು, ಊರಿನಲ್ಲಿಯೇ ಉಳಿಯುವ ಆದಾಯವಿತ್ತು, ತರುಣನಿಗೆ ಹಕ್ಕಿರಲಿಲ್ಲ. ಇಂದಿನ ವ್ಯವಸ್ಥೆಯಲ್ಲಿ ತರುಣನಿಗೂ ತರುಣಿಗೂ ಹಕ್ಕುಂಟು. ಆ ಹಕ್ಕನ್ನು ದಿನನಿತ್ಯ ಬಳಸಿ ಕಲಿಯತಕ್ಕ ಸಭೆಯು ಪಟ್ಟಣಗಳಲ್ಲಿ ಇಲ್ಲ ಅಥವಾ ದುರ್ಬಲವಾಗಿದೆ. ಹಿಂದಿನವನು ನೋಡಬಹುದಾಗಿತ್ತು, ನುಡಿಯುವಂತಿರಲಿಲ್ಲ. ಇಂದಿನವನು ನುಡಿಯಬಹುದು, ಆದರೆ ನೋಡುವ ರೂಢಿಯೇ ಬೆಳೆದಿಲ್ಲ. ಇಪ್ಪತ್ತೊಂದನೆಯ ವಯಸ್ಸಿಗೆ ಪುರಸಭೆಗೆ ನಿಲ್ಲುವ ಅರ್ಹತೆಯುಳ್ಳವನು ಅದುವರೆಗೆ ಪುರಸಭೆಯ ಒಂದು ಬೈಠಕನ್ನೂ ಕಂಡಿರುವುದಿಲ್ಲ, ಅದರ ಆಯವ್ಯಯ ಪತ್ರಿಕೆಯ ಒಂದು ಪುಟವನ್ನೂ ಓದಿರುವುದಿಲ್ಲ.

ಆದುದರಿಂದ ಐಹೊಳೆಯ ಹೆಸರನ್ನು ಎತ್ತುವಾಗ ನಾವು ಹಿರಿಮೆಯನ್ನು ಮಾತ್ರ ಹೇಳಿ ಸುಮ್ಮನಾಗಬಾರದು. ಸಣ್ಣ ಪಟ್ಟಣಗಳಿಗೂ ಗ್ರಾಮಸಭೆಯಂಥ ವಾರ್ಡಿನ ಕೂಟವು ಬೇಕೆಂಬುದು ಶಾಸನಕರ್ತರು ವಿಚಾರ ಮಾಡತಕ್ಕ ಮಾತು. ಅಧ್ಯಾಪಕರ ಕೈಯಲ್ಲಿರುವ ಕೆಲಸವು ಇದಕ್ಕಿಂತ ಸರಳ. ಪುಲಿಗೆರೆಯ ವ್ಯವಸ್ಥೆಯನ್ನು ಪಾಠ ಹೇಳುವ ವರ್ಷದಲ್ಲಿಯೇ ತಮ್ಮ ಊರಿನ ಪುರಸಭೆಯ ಮನೆಪಟ್ಟಿಯ ದರವನ್ನೂ ಆಯವ್ಯಯವನ್ನೂ ವಿದ್ಯಾರ್ಥಿಗಳಿಂದ ಓದಿಸಬಹುದು. 10, 7, 5, 3 ಪಣಗಳ ಹಿಂದಿನ ತತ್ತ್ವವು ಇಂದಿನ ದರಗಳಲ್ಲಿ ಎಷ್ಟು ಉಳಿದಿದೆಯೆಂದು ಅವರೇ ಲೆಕ್ಕ ಹಾಕಬಹುದು. ಉತ್ತರಮೇರೂರಿನಲ್ಲಿ ಲೆಕ್ಕ ಒಪ್ಪಿಸದವನಿಗೆ ಸ್ಥಾನವಿಲ್ಲವೆಂಬ ನಿಯಮವು ಕೆರೆಯನ್ನೂ ತೋಟವನ್ನೂ ಎಷ್ಟರಮಟ್ಟಿಗೆ ಉಳಿಸಿತೆಂಬುದನ್ನು ಅಳೆಯುವುದು ಕಷ್ಟ. ಆದರೆ ಲೆಕ್ಕವನ್ನು ಓದಬಲ್ಲ, ಕೇಳಬಲ್ಲ ತರುಣರಿಲ್ಲದ ಊರಿನಲ್ಲಿ ಅಂಥ ನಿಯಮವು ಕಲ್ಲಿನ ಮೇಲಿದ್ದರೂ ಪುಸ್ತಕದಲ್ಲಿದ್ದರೂ ಒಂದೇ.